ಅವನಿಗೆ ಉಳಿದ ಭಾಷೆ

ಜನವರಿ ೯, ಗುರುವಾರ

ಇವತ್ತು ಅವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಮುಂದಿನ ಕೋಣೆಯಲ್ಲಿದ್ದ ಹೊಲಿಗೆ ಯಂತ್ರ, ಕಾಲು ಮುರಿದ ಕುರ್ಚಿ, ಯಜಮಾನರ ಹಳೆಯ ಟೈರುಗಳು ಎಲ್ಲವನ್ನೂ ಮೆಟ್ಟಿಲ ಕೆಳಗೆ ತುರುಕಿ ಮಂಚ ಹಾಕಿದ್ದೇವೆ. ಯಜಮಾನರೂ ಶಾಲಾ ವ್ಯಾನಿನ ಇನ್ನೊಬ್ಬ ಡ್ರೈವರೂ ಸೇರಿ ಕುರ್ಚಿಯ ಸಮೇತ ಎತ್ತಿಕೊಂಡು ಬಂದರು. ಬಲಗೈ, ಬಲಗಾಲು ಆಡುವುದಿಲ್ಲ. ಎದುರುಮನೆಯಾಕೆ ಯಾರು ಎಂದು ಕೇಳಿದಳು. ನಮ್ಮಮ್ಮನ ಮಗ ಎಂದೆ. ಹಾಗಾದರೆ ನಿಮ್ಮಣ್ಣ ಆಗಬೇಕಲ್ಲ ಎಂದು ಯೋಚಿಸಿ ಹೇಳಿದಳು. ಆಗಬೇಕು ಎಂದೆ.

ಇವನು ಹಡಗಿನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸ ಹಿಡಿದು ಹೋದಾಗ ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಸ್ವೀಡನ್ನಿನ ಯಾವುದೋ ಬಂದರಿನಲ್ಲಿ ಇಳಿದವನು ಮತ್ತೆ ಹಡಗು ಹತ್ತಲಿಲ್ಲ. ಕೆಲವು ವರ್ಷ ಕಾಗದ ಬಂತು, ಆಮೇಲೆ ಅದೂ ನಿಂತಿತು. ಅಮ್ಮ ಹಾಸಿಗೆ ಹಿಡಿದಾಗ ಬರಲಿಲ್ಲ, ಸತ್ತಾಗಲೂ ಬರಲಿಲ್ಲ. ಹೋದ ವರ್ಷ ತಲೆಯೆಲ್ಲ ನರೆತ ಮೇಲೆ ಬಂದಿಳಿದ. ಊರಿನ ಆ ತುದಿಯಲ್ಲಿ ಬಾಡಿಗೆ ಕೋಣೆ ಹಿಡಿದ. ನಮ್ಮ ಮನೆಗೆ ಬಂದಿದ್ದು ಎರಡು ಸಲ. ಇಬ್ಬರೂ ಚಹಾ ಕುಡಿದು ಲೋಟ ನೋಡುತ್ತ ಕೂತಿದ್ದೆವು.

ಆಮೇಲೆ ಬಚ್ಚಲಲ್ಲಿ ಬಿದ್ದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಎಚ್ಚರವಾದ ಮೇಲೆ ಆಡುತ್ತಿದ್ದುದನ್ನು ನರ್ಸುಗಳು ಬಡಬಡಿಕೆ ಅಂದುಕೊಂಡರು. ಮಾತಿನ ಡಾಕ್ಟರು, ಅಂದರೆ ಮಾತು ಹೋದವರಿಗೆ ಮತ್ತೆ ಮಾತು ಕಲಿಸುವ ಹುಡುಗಿ, ಅದನ್ನು ಫೋನಿನಲ್ಲಿ ಹಿಡಿದು ಯಾರಿಗೋ ಕೇಳಿಸಿ ಬಂದಳು. ಬಡಬಡಿಕೆಯಲ್ಲ, ಅಚ್ಚುಕಟ್ಟಾದ ಸ್ವೀಡಿಷ್ ಎಂದಳು.

"ಅವರ ತಲೇಲಿ ಎರಡು ಮನೆ ಇತ್ತು ಅಂದ್ಕೊಳ್ಳಿ. ಒಂದು ಸುಟ್ಟುಹೋಗಿದೆ. ಇನ್ನೊಂದರಲ್ಲಿ ಇದಾರೆ."

ಸುಟ್ಟಿದ್ದು ಯಾವ ಮನೆ ಎಂದು ನಾನು ಕೇಳಲಿಲ್ಲ. ನಾನಾಡುವುದು ಅವನಿಗೆ ಕೇಳಿಸುತ್ತದೆ, ಅರ್ಥವಾಗುವುದಿಲ್ಲ.

ಜನವರಿ ೧೯

ಏನೋ ಬೇಕು ಎಂದು ಕೇಳುತ್ತಾನೆ. ನೀರು ತಂದರೆ ಬೇಡವೆಂದು ತಲೆಯಾಡಿಸುತ್ತಾನೆ. ಹೊದಿಕೆ ತಂದರೆ ತಳ್ಳುತ್ತಾನೆ. ಯಜಮಾನರು ಮೂಕಾಭಿನಯ ಮಾಡಿ ಮಾಡಿ ಸುಸ್ತಾದರು. ಕೊನೆಗೆ ನೋಡಿದರೆ ಬೇಕಾಗಿದ್ದದ್ದು ಕಿಟಕಿ ತೆಗೆಯುವುದು.

ಮಧ್ಯಾಹ್ನ ಇನ್ನೊಂದು ಫಜೀತಿ. ಹೊಟ್ಟೆ ತುಂಬಿತೇ ಎಂದು ನಾನು ಕೈಸನ್ನೆ ಮಾಡಿ ಕೇಳಿದರೆ ಬಿಕ್ಕಿದ ಹಾಗೆ ಹುಫ್ ಎಂದು ಉಸಿರನ್ನು ಒಳಕ್ಕೆ ಎಳೆದುಕೊಂಡ. ಎರಡನೇ ಸಲ ಆಘಾತವಾಯಿತೆಂದು ಯಜಮಾನರು ಚಪ್ಪಲಿಯೂ ಇಲ್ಲದೆ ವ್ಯಾನು ತೆಗೆಯಲು ಓಡಿದರು. ಅವನು ಆರಾಮವಾಗಿ ಬಾಯಿ ಒರೆಸಿಕೊಳ್ಳುತ್ತಿದ್ದ.

ನಾನು ಆ ಭಾಷೆ ಕಲಿಯುತ್ತೇನೆ ಎಂದು ಮಾತಿನ ಡಾಕ್ಟರಿಗೆ ಫೋನು ಮಾಡಿದೆ. ಅವಳಿಗೆ ಬಹಳ ಸಂತೋಷವಾಯಿತು. ಅಣ್ಣತಂಗಿ ಪ್ರೀತಿ ಎಂದೇನೋ ಅಂದಳು. ಪ್ರೀತಿಯೂ ಇಲ್ಲ, ಎಂಥದೂ ಇಲ್ಲ. ಅಮ್ಮ ಎರಡು ವರ್ಷ ಬಾಗಿಲು ನೋಡುತ್ತ ಮಲಗಿದ್ದಳು. ಯಾಕೆ ಬರಲಿಲ್ಲ ಎಂದು ಇವನನ್ನು ಒಂದು ಸಲ ಕೇಳಬೇಕು. ಅವನಿಗೆ ತಿಳಿಯುವ ಮಾತಿನಲ್ಲೇ ಕೇಳಬೇಕು, ತಪ್ಪಿಸಿಕೊಳ್ಳುವ ಹಾಗಿರಬಾರದು.

ಜನವರಿ ೨೮, ಮಂಗಳವಾರ

ಮೊದಲ ಪಾಠ. ಟೀಚರಮ್ಮ ಆ ದೇಶದ ಉತ್ತರ ತುದಿಯಲ್ಲಿ ಒಂಟಿಯಾಗಿರುವ ನಿವೃತ್ತ ಶಾಲಾ ಶಿಕ್ಷಕಿ. ಫೋನಿನ ಪರದೆಯಲ್ಲಿ ಅವಳ ಅಡುಗೆಮನೆ ಕಾಣುತ್ತದೆ. ಇಂಗ್ಲಿಷನ್ನು ಬಾಯಿಗೇ ತರುವುದಿಲ್ಲ. ತಂದರೂ ನನಗೆ ಗೊತ್ತಿರುವುದು ನಾನು ಕಟ್ಟುಹಲ್ಲು ಮಾಡುವ ಲ್ಯಾಬಿನ ಇಂಗ್ಲಿಷು: ಅಪ್ಪರ್, ಲೋವರ್, ಅರ್ಜೆಂಟ್. ಚಮಚ ಎತ್ತಿ ತೋರಿಸಿ ಹೆಸರು ಹೇಳುತ್ತಾಳೆ, ನಾನು ಹೇಳಬೇಕು. ಕಿಟಕಿ ತೋರಿಸುತ್ತಾಳೆ, ಹೇಳಬೇಕು. ಯಾಗ್ ಹೇತೆರ್, ನನ್ನ ಹೆಸರು. ಈ ವಯಸ್ಸಿನಲ್ಲಿ ನನ್ನ ಹೆಸರು ನಾನು ಹೇಳಿದ್ದಕ್ಕೆ ಒಬ್ಬರು ಚಪ್ಪಾಳೆ ತಟ್ಟಿದರು.

ಚೆನ್ನಾಗಿದೆಯೇ ಎಂದು ಹೆಬ್ಬೆರಳು ತೋರಿಸಿ ಕೇಳಿದೆ. ಅವಳೂ ಹುಫ್ ಎಂದು ಉಸಿರು ಎಳೆದುಕೊಂಡಳು. ನನ್ನ ಮುಖ ನೋಡಿ ನಕ್ಕು, ಮೆಲ್ಲಗೆ ತಲೆಯಾಡಿಸುತ್ತ ಮತ್ತೆ ಎಳೆದುಕೊಂಡು ತೋರಿಸಿದಳು. ಅವರ ಸೀಮೆಯಲ್ಲಿ ಅದು "ಹೌದು".

ಫೆಬ್ರವರಿ ೬

ಏಳು ಎಂಬ ಅಂಕಿಗೆ ಇವರ ಮಾತು ಬಾಯಿಂದ ಹೊರಡುವುದೇ ಇಲ್ಲ. ಹ್ವೂ. ಬಿಸಿ ಮೇಣವನ್ನು ಊದಿ ಆರಿಸುವ ಹಾಗೆ. ಲ್ಯಾಬಿನಲ್ಲಿ ಕಟ್ಟುಹಲ್ಲಿನ ಸೆಟ್ಟಿಗೆ ಮೇಣ ಎರೆಯುತ್ತ ಊದಿದಾಗಲೆಲ್ಲ ಏಳು, ಏಳು ಎಂದು ಹೇಳಿಕೊಂಡೆ. ಹೊಸ ಹಲ್ಲು ಕಟ್ಟಿಸಿಕೊಂಡವರಿಗೆ ಮೊದಲ ವಾರ "ಸ" ಹೊರಡುವುದಿಲ್ಲ, ನಾಲಿಗೆ ಎಲ್ಲಿಡಬೇಕೆಂದು ತಿಳಿಯದೆ ಪರದಾಡುತ್ತಾರೆ. ನನ್ನದೂ ಅದೇ ಗತಿ. ಪಕ್ಕದ ಮೇಜಿನ ಅಕ್ಕ, ಏನೇ, ಹಾವು ಸಾಕ್ತಿದೀಯಾ ಎಂದಳು.

ಫೆಬ್ರವರಿ ೧೬, ಭಾನುವಾರ

ಆಸ್ಪತ್ರೆಯಿಂದಲೂ ಅವನು ಕೂತಾಗ, ಮಲಗಿದಾಗ ಏನೋ ಒಂದನ್ನು ಗುನುಗುತ್ತಿದ್ದ. ಯಜಮಾನರು ಅದನ್ನು ಜಪ ಎನ್ನುತ್ತಿದ್ದರು. ಇವತ್ತು ಬೆಳಿಗ್ಗೆ ಅವನ ಉಗುರು ಕತ್ತರಿಸುತ್ತಿದ್ದೆ. ನೋಲ್, ಹ್ವೂ ಎಂದ. ಕತ್ತರಿ ನಿಂತಿತು. ಸೊನ್ನೆ, ಏಳು. ಮುಂದೆ ಹೇಳಿದ್ದೂ ಅಂಕಿಗಳೇ. ಕೊನೆ ಮುಟ್ಟಿ, ಸ್ವಲ್ಪ ಸುಮ್ಮನಿದ್ದು, ಮತ್ತೆ ಮೊದಲಿಂದ ಅದನ್ನೇ ಹೇಳಿದ. ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡು ಯಜಮಾನರಿಗೆ ತೋರಿಸಿದೆ.

"ಲೇ, ಇದು ಫೋನ್ ನಂಬರು ಕಣೆ," ಎಂದರು.

ಪಾಠವಿಲ್ಲದ ದಿನವಾದರೂ ಟೀಚರಮ್ಮನಿಗೆ ಕರೆ ಮಾಡಿ ತೋರಿಸಿದೆ. ಮೊದಲ ಸೊನ್ನೆ ತೆಗೆದು ದೇಶದ ಸಂಖ್ಯೆ ಸೇರಿಸಬೇಕೆಂದು ಬೆರಳಿನಲ್ಲಿ ಬರೆದು ತೋರಿಸಿದಳು. ಸೇರಿಸಿದೆ. ಒಂದು ಹೆಣ್ಣಿನ ದನಿ ಎತ್ತಿಕೊಂಡಿತು. ನನಗೆ ಬರುತ್ತಿದ್ದುದು ಎರಡೇ ವಾಕ್ಯ. ನನ್ನ ಹೆಸರು ಹೇಳಿದೆ. ನಾನು ತಂಗಿ ಎಂದೆ. ಆಮೇಲೆ ಫೋನನ್ನು ಅವನ ಕಿವಿಗೆ ಇಟ್ಟೆ.

ಅವನು "ಫ್ಲಿಕ್ಕನ್" ಎಂದ. ಎಷ್ಟು ಸಲ ಅಂದನೋ. ಫೋನಿನಲ್ಲಿ ಆ ಹೆಣ್ಣು ಜೋರಾಗಿ ಅಳುತ್ತಿತ್ತು. ಫ್ಲಿಕ್ಕ ಎಂದರೆ ಹುಡುಗಿ, ಅಷ್ಟು ನನಗೆ ಗೊತ್ತಿತ್ತು. ಈ ವಯಸ್ಸಿನಲ್ಲಿ ಯಾವ ಹುಡುಗಿಯಪ್ಪಾ ಎಂದು ಯಜಮಾನರು ನನ್ನ ಕಿವಿಯಲ್ಲಿ ಕೇಳಿದರು.

ಫೆಬ್ರವರಿ ೧೮

ಮಾತಿನ ಡಾಕ್ಟರು ಆ ಹೆಣ್ಣಿನೊಡನೆ ಇಂಗ್ಲಿಷಿನಲ್ಲಿ ಮಾತಾಡಿ ಎಲ್ಲವನ್ನೂ ತಿಳಿದುಕೊಂಡಳು. ಹುಡುಗಿಯಲ್ಲ, ನಲವತ್ತರ ಆಸುಪಾಸಿನ ಹೆಂಗಸು. ಬಸ್ಸು ಓಡಿಸುತ್ತಾಳೆ. ಇವನು ಜೊತೆಗಿದ್ದ ಹೆಂಗಸಿನ ಮೊದಲ ಸಂಸಾರದ ಮಗಳು. ನಡೆಯಲು ಕಲಿಯುವ ಮೊದಲೇ ಇವನ ಕೈಗೆ ಬಂದವಳು, ಅಪ್ಪ ಎಂದೇ ಕರೆಯುತ್ತಾಳೆ. ತಾಯಿ ತೀರಿಕೊಂಡ ಮೇಲೆ ಇವನು ಸ್ವಲ್ಪ ದಿನ ಊರು ನೋಡಿ ಬರುತ್ತೇನೆಂದು ಹೊರಟಿದ್ದು. ಇದ್ದಕ್ಕಿದ್ದ ಹಾಗೆ ಫೋನು ಸತ್ತುಹೋಯಿತು. ಹುಡುಕಿಕೊಂಡು ಹೊರಡಲು ಸಿದ್ಧಳಾದವಳು ಮಂಜುಗಡ್ಡೆಯ ಮೇಲೆ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಈಗ ಎದ್ದು ನಿಲ್ಲಲೂ ಆಗುವುದಿಲ್ಲ. ಇನ್ನು ಮೇಲೆ ಪ್ರತಿ ಭಾನುವಾರ ಕರೆ ಮಾಡುತ್ತಾಳಂತೆ.

ಹೆತ್ತವಳನ್ನು ಬಿಟ್ಟವನು ಯಾರದೋ ಮಗುವಿಗೆ ಅಪ್ಪನಾದ. ಇದನ್ನೂ ಬರೆದಿಡುತ್ತೇನೆ.

ಮಾರ್ಚ್ ೧೧

ಎರಡು ವಾರ ಪಾಠ ತಪ್ಪಿಸಿದೆ. ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎಂದು ಸುಳ್ಳು ಹೇಳಿದೆ. ಇವತ್ತು ಟೀಚರಮ್ಮ ತಾನೇ ಕರೆ ಮಾಡಿದಳು. ಮುಖ ನೋಡಿದ ಮೇಲೆ ಇಲ್ಲ ಅನ್ನಲಾಗಲಿಲ್ಲ.

ಯಾಕೆ ಬರಲಿಲ್ಲ ಎಂದು ಕೇಳುವುದು ಹೇಗೆ ಎಂದೆ. ಕೈ ಹಿಂದಕ್ಕೆ ಬೀಸಿ, ಪುಸ್ತಕದ ನಡುವಿನ ಹಾಳೆ ತೆರೆದು ತೋರಿಸಿದಳು. ಭೂತಕಾಲ ಅಲ್ಲಿದೆಯಂತೆ. ಅಲ್ಲಿಯವರೆಗೆ ಅವನು ಬರುತ್ತಾನೆ, ಅವನು ಬರುವುದಿಲ್ಲ, ಅಷ್ಟೇ.

ಏಪ್ರಿಲ್ ೨೨

ಹುಡುಗಿ ಎನ್ನುವುದು ಫ್ಲಿಕ್ಕ. "ಆ" ಹುಡುಗಿ ಎನ್ನುವುದಾದರೆ ಬಾಲಕ್ಕೆ ಒಂದು "ನ್" ಅಂಟಿಸುತ್ತಾರೆ. ನಾವು ಮನೆಯಲ್ಲಿ, ಮನೆಗೆ, ಮನೆಯಿಂದ ಎಂದು ಅಂಟಿಸುತ್ತೇವಲ್ಲ, ಹಾಗೆ. ಇದೊಂದು ವಿಷಯದಲ್ಲಿ ನಮ್ಮ ನೆಂಟರು ಎನ್ನಿಸಿತು. ಉಳಿದದ್ದೆಲ್ಲ ಉಲ್ಟಾ. ನಮ್ಮ ಕ್ರಿಯಾಪದ ಎಲ್ಲರ ಮಾತು ಮುಗಿಯಲಿ ಎಂದು ಕೊನೆಯಲ್ಲಿ ಕಾಯುತ್ತದೆ. ಇವರದು ಎರಡನೇ ಕುರ್ಚಿ ಹಿಡಿದು ಕೂತರೆ ಯಾರು ಬಂದರೂ ಏಳುವುದಿಲ್ಲ. "ನೀವು" ಎಂದು ಮರ್ಯಾದೆಗೆ ಕರೆಯುವ ರೂಢಿಯೇ ಇಲ್ಲ. ನನಗಿಂತ ಹಿರಿಯಳಾದ ಟೀಚರಮ್ಮನನ್ನು ನೀನು, ನೀನು ಎನ್ನುವಾಗ ಪ್ರತಿ ಸಲವೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಸಂಜೆ ಕಿಟಕಿ ತೆಗೆಯಲೇ ಎಂದು ಅವನ ಭಾಷೆಯಲ್ಲಿ ಕೇಳಿದೆ. ಕಿಟಕಿಯನ್ನು ತಿನ್ನಲೇ ಎಂದು ಬಾಯಿಗೆ ಬಂತಂತೆ. ಅವನಿಗೆ ನಗು ಬಂತು. ಅರ್ಧ ಮುಖ ಮಾತ್ರ ನಗುತ್ತದೆ. ಕೈಯಾಡಿಸಿ ಸರಿಯಾದ ಮಾತನ್ನು ಮೂರು ಸಲ ಹೇಳಿಕೊಟ್ಟ. ನನಗೆ ಸೈಕಲ್ಲು ಕಲಿಸಿದಾಗಲೂ ಹೀಗೇ, ಬೈಯುತ್ತಿರಲಿಲ್ಲ.

ಮೇ ೧೮, ಭಾನುವಾರ

ಅವನ ಆ ಹುಡುಗಿಗೆ ಮೂಳೆಯಲ್ಲಿ ಕೀವು ಸೇರಿ ಮತ್ತೊಂದು ಶಸ್ತ್ರಚಿಕಿತ್ಸೆಯಾಗಿದೆ. ವಿಮಾನ ಹತ್ತಲು ವೈದ್ಯರು ಇನ್ನೂ ಬಿಡುತ್ತಿಲ್ಲ. ಫೋನಿನಲ್ಲಿ ಅವಳ ಮುಖ ಬತ್ತಿಹೋಗಿತ್ತು. ಅವನಿಗೆ ಹಾಸಿಗೆಯಿಂದ ಏಳಬೇಕೆಂಬ ಹಟ. ಊರುಗೋಲು ಹಿಡಿಸಿ ನಿಲ್ಲಿಸಿದೆವು. ಪರದೆಯಲ್ಲಿ ಅವಳೂ ಊರುಗೋಲು ಹಿಡಿದು ಎದ್ದು ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಡುಗುತ್ತ ನಿಂತಿದ್ದರು. ಯಜಮಾನರು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ಬಂದರು.

ಜೂನ್ ೧೪, ಶನಿವಾರ

ಕೇಳಿದೆ.

ಯಜಮಾನರು ಅವನ ಗಡ್ಡ ಹೆರೆದು ಹೊರಗೆ ಹೋಗಿದ್ದರು. ಟವೆಲಿನಲ್ಲಿ ಸೋಪು ಒರೆಸುತ್ತ ಕೇಳಿಯೇಬಿಟ್ಟೆ. ವರ್ಫೋರ್ ಕೊಮ್ ದು ಇಂತೆ. ಯಾಕೆ ಬರಲಿಲ್ಲ ನೀನು. ಅಮ್ಮ ಸತ್ತಾಗ. ಕನ್ನಡಿ ಮುಂದೆ ಎಷ್ಟು ಸಲ ಅಭ್ಯಾಸ ಮಾಡಿದ್ದೆನೆಂದರೆ ಒಂದಕ್ಷರವೂ ತಪ್ಪಲಿಲ್ಲ.

ಅವನು ಟವೆಲಿನ ತುದಿ ಹಿಡಿದುಕೊಂಡ. ಎರಡು ಮಾತು ಆಡಿದ. ಮೊದಲನೆಯದು "ನಾನು". ಎರಡನೆಯದು ನನಗೆ ಗೊತ್ತಿಲ್ಲದ ಮಾತು. ಹ್ವೆಮ್ದೆಸ್. ಏನೆಂದೆ ಎಂದು ಕೇಳಿದೆ. ಅದನ್ನೇ ಮತ್ತೆ ಅಂದ. ಗೋಡೆ ಕಡೆ ತಿರುಗಿದ.

ಮೂವತ್ತು ವರ್ಷ ಕಾದ ಉತ್ತರ ಬಂದಿದೆ, ನನಗೆ ಅರ್ಥ ಗೊತ್ತಿಲ್ಲ. ನಿಘಂಟಿನಲ್ಲಿ ಹುಡುಕಿದೆ. ಆ ಊದುವ ಸದ್ದನ್ನು ಇವರು ಒಂದೊಂದು ಪದದಲ್ಲಿ ಒಂದೊಂದು ಥರ ಬರೆಯುತ್ತಾರೆ. ಎಲ್ಲ ಥರದಲ್ಲೂ ಹುಡುಕಿದೆ. ಸಿಗಲಿಲ್ಲ.

ಜೂನ್ ೧೭, ಮಂಗಳವಾರ

ಟೀಚರಮ್ಮನ ಮುಂದೆ ಆ ಪದ ಹೇಳಿದೆ. ಅವಳು ಎರಡು ಕೈಗಳಿಂದ ಮುಖ ಮುಚ್ಚಿಕೊಂಡು ತಲೆ ತಗ್ಗಿಸಿ ತೋರಿಸಿದಳು. ನಾಚಿಕೆಯಾಯಿತು, ಮುಖವಿರಲಿಲ್ಲ, ಹಾಗೆ.

ಅವನಿಗೆ ಊಟ ಮಾಡಿಸುವಾಗ, ಯಾವುದಕ್ಕೆ ನಾಚಿಕೆ ಎಂದು ಕೇಳಿದೆ. ತುಂಡು ತುಂಡಾಗಿ ಹೇಳಿದ. ಕಾಗದಪತ್ರ ಇರಲಿಲ್ಲ. ಹಡಗಿನಿಂದ ಇಳಿದವನು ಕಳ್ಳನ ಹಾಗೆ ಇದ್ದ. ಹೋಟೆಲಿನ ಪಾತ್ರೆ ತೊಳೆಯುತ್ತಿದ್ದ. ಒಮ್ಮೆ ಗಡಿ ದಾಟಿದರೆ ಮತ್ತೆ ಒಳಗೆ ಬಿಡುವುದಿಲ್ಲ. ಫ್ಲಿಕ್ಕನ್ ವಾರ್ ಲೀತೆನ್. ಹುಡುಗಿ ಚಿಕ್ಕವಳಿದ್ದಳು. ಅವಳ ತಾಯಿಗೆ ಆಗ ಕಾಯಿಲೆ, ಕೆಲಸಕ್ಕೆ ಹೋಗುವವನು ಇವನೊಬ್ಬನೇ. ಅಮ್ಮನೋ, ಹುಡುಗಿಯೋ ಎಂದಾಯಿತು. ಹುಡುಗಿ ಎಂದ. ಆಮೇಲೆ ಕಾಗದ ಬರೆಯಲು ಮುಖವಿರಲಿಲ್ಲ.

ಇಷ್ಟನ್ನೂ ಒಂದೇ ತುತ್ತು ಬಾಯಲ್ಲಿಟ್ಟುಕೊಂಡು ಹೇಳಿದ. ನುಂಗಲು ಹೇಳಿದೆ. ನುಂಗಿದ.

ಕೇಳಿದ ಮೇಲೆ ಹೊಟ್ಟೆಯೊಳಗಿನ ಉರಿ ಆರುತ್ತದೆ ಎಂದುಕೊಂಡಿದ್ದೆ. ಆರಲಿಲ್ಲ. ಆದರೆ ಅದನ್ನು ಯಾರ ಮೇಲೆ ಸುರಿಯುವುದು ಎಂದು ತಿಳಿಯುತ್ತಿಲ್ಲ.

ಜುಲೈ ೮

ಅಮ್ಮನ ಬಗ್ಗೆ ಹೇಳು ಎಂದ. ತಾನಾಗಿಯೇ ಕೇಳಿದ್ದು ಇದೇ ಮೊದಲು.

ಹೇಳುವುದೆಂದರೆ ನನ್ನ ಹತ್ತಿರ ಇರುವುದು ಮೂರನೇ ಕ್ಲಾಸಿನ ಮಕ್ಕಳ ಮಾತು. ಅಮ್ಮನಿಗೆ ಕಾಯಿಲೆ ಇತ್ತು. ಅಮ್ಮ ಮಲಗಿದ್ದಳು. ಅಮ್ಮ ಬಾಗಿಲು ನೋಡುತ್ತಿದ್ದಳು. ನಾನು ಅವಳ ತಲೆ ಬಾಚುತ್ತಿದ್ದೆ. ಅವಳು ನಿನ್ನ ಹೆಸರು ಹೇಳಿದಳು. ಅಷ್ಟೇ. ಮನೆಮಾತಿನಲ್ಲಾಗಿದ್ದರೆ ಇದರ ಜೊತೆಗೆ ಇನ್ನೂ ಎಷ್ಟು ಬರುತ್ತಿತ್ತು. ನಾನೊಬ್ಬಳೇ ಸತ್ತೆ, ನಿನಗೇನು, ಹಾಯಾಗಿದ್ದೆ. ಚುಚ್ಚುವುದಕ್ಕೆ ಬೇಕಾದ ಮಾತುಗಳನ್ನು ಟೀಚರಮ್ಮ ಇನ್ನೂ ಕಲಿಸಿಲ್ಲ.

ಅವನು ಪೂರ್ತಿ ಕೇಳಿದ. ಕೂದಲು ಬಿಳಿಯಾಗಿತ್ತೇ ಎಂದು ಕೇಳಿದ. ಇಲ್ಲ, ಕೊನೆಯವರೆಗೂ ಕಪ್ಪು ಎಂದೆ. ಹುಫ್ ಎಂದು ಉಸಿರು ಎಳೆದುಕೊಂಡ.

ಆಗಸ್ಟ್ ೨೪

ಇವತ್ತಿನ ಕರೆಯಲ್ಲಿ ನಾನೂ ಹುಡುಗಿಯೂ ಬಹಳ ಹೊತ್ತು ಮಾತಾಡಿದೆವು. ಅಣ್ಣನಿಗೆ ಮೀನಿನ ಎಣ್ಣೆಯ ಮಾತ್ರೆ ಕಂಡರಾಗದು, ಹಾಲಿನಲ್ಲಿ ಬಚ್ಚಿಟ್ಟು ಕೊಡಬೇಕಂತೆ. ಮೊದಲೇ ಹೇಳಬಾರದಿತ್ತೇ, ಆರು ತಿಂಗಳಿಂದ ಹೂಕುಂಡದಲ್ಲಿ ಉಗುಳುತ್ತಿದ್ದಾನೆ ಎಂದೆ. ಗಿಡ ಹೇಗಿದೆ ಎಂದು ಕೇಳಿದಳು. ಗಿಡ ಚೆನ್ನಾಗಿದೆ ಎಂದೆ. ಅಣ್ಣ ನಡುವೆ ಕೂತು ಆ ಕಡೆ ಈ ಕಡೆ ಮುಖ ತಿರುಗಿಸುತ್ತ, ನಮ್ಮಿಬ್ಬರನ್ನೂ ತಾನೇ ಹೆತ್ತವನ ಹಾಗೆ ನೋಡುತ್ತಿದ್ದ.

ಸೆಪ್ಟೆಂಬರ್ ೧೨

ಮತ್ತೆ ಆಘಾತವಾಯಿತು. ಸಣ್ಣದು ಎಂದರು. ಸಣ್ಣದು ಎನ್ನುವವರು ಬಂದು ಅವನ ಮುಖ ನೋಡಲಿ.

ಸೆಪ್ಟೆಂಬರ್ ೩೦, ಮಂಗಳವಾರ

ಆ ಇನ್ನೊಂದು ಮನೆಯೂ ಒಂದೊಂದೇ ಕೋಣೆ ದೀಪ ಆರಿಸುತ್ತಿದೆ. ಮೊದಲು ಬಣ್ಣಗಳು ಹೋದವು. ಆಮೇಲೆ ವಾರದ ದಿನಗಳು. ಚಮಚ ನೋಡುತ್ತಾನೆ, ಬಾಯಿ ತೆರೆಯುತ್ತಾನೆ, ಹೆಸರು ಬರುವುದಿಲ್ಲ. ನಾನು ಹೇಳಿಕೊಡುತ್ತೇನೆ. ಅವನು ನನಗೆ ಕಲಿಸಿದ ಮಾತುಗಳನ್ನೇ ಒಂದೊಂದಾಗಿ ವಾಪಸು ಕೊಡುತ್ತಿದ್ದೇನೆ, ಇಟ್ಟುಕೊಳ್ಳಲು ಅವನ ಹತ್ತಿರ ಜಾಗವಿಲ್ಲ.

ಮಾತಿನ ಡಾಕ್ಟರು ಮನೆಮಾತು ಮರಳಿ ಬಂದರೂ ಬರಬಹುದು, ಕೆಲವರಿಗೆ ಹಾಗಾಗುತ್ತದೆ ಎಂದಳು. ಅದಕ್ಕೇ ದಿನವೂ ಸ್ವಲ್ಪ ಹೊತ್ತು ನಮ್ಮ ಭಾಷೆಯಲ್ಲೂ ಮಾತಾಡುತ್ತೇನೆ. ನಾವು ಚಿಕ್ಕವರಿದ್ದಾಗಿನ ಮನೆ, ಅಪ್ಪನ ಕೆಮ್ಮು, ಹಿತ್ತಲಿನ ತೂತು ಬಕೆಟ್ಟು. ಮರ್ಯಾದೆಗೆ ಕೇಳಿಸಿಕೊಳ್ಳುತ್ತಾನೆ, ಪರದೇಶದವರ ಹಾಗೆ.

ಪಾಠದಲ್ಲಿ ಟೀಚರಮ್ಮ ಉದ್ದ ವಾಕ್ಯ ಶುರುಮಾಡಿದ್ದಾಳೆ. ಒಂದು ವಾಕ್ಯದೊಳಗೆ ಇನ್ನೊಂದು ವಾಕ್ಯವಿದ್ದರೆ "ಇಲ್ಲ" ಎನ್ನುವ ಮಾತು ಮುಂದಕ್ಕೆ ಜಿಗಿಯುತ್ತದೆ. ತಲೆ ಕೆಟ್ಟುಹೋಯಿತು. ನಡುಮಟ್ಟದವರು ಎಲ್ಲರೂ ಇಲ್ಲೇ ಮುಗ್ಗರಿಸುತ್ತಾರಂತೆ. ನಾನು ನಡುಮಟ್ಟಕ್ಕೆ ಬಂದಿದ್ದು ಯಾವಾಗ ಎಂದು ಕೇಳಿದೆ. ನಕ್ಕಳು.

ಅಕ್ಟೋಬರ್ ೧೯, ಭಾನುವಾರ

ಅವಳಿಗೆ ವಿಮಾನ ಹತ್ತಲು ಅಪ್ಪಣೆ ಸಿಕ್ಕಿತು. ನವೆಂಬರ್ ಇಪ್ಪತ್ತೆರಡಕ್ಕೆ ಟಿಕೆಟ್ಟು ತೆಗೆದಿದ್ದಾಳೆ. ಅಣ್ಣನಿಗೆ ಅದನ್ನು ಅವಳೂ ಹೇಳಿದಳು, ನಾನೂ ಹೇಳಿದೆ. ಅವಳು ಹೇಳಿದಾಗ ನಕ್ಕ. ಕರೆ ಮುಗಿದ ಮೇಲೆ, ಯಾರು ಬರುತ್ತಾರೆ ಎಂದು ಕೇಳಿದ. ಫ್ಲಿಕ್ಕನ್ ಎಂದೆ. ಅವಳಿನ್ನೂ ಚಿಕ್ಕವಳು, ಒಬ್ಬಳೇ ಕಳಿಸಬೇಡ ಎಂದ. ಒಂದು ತಿಂಗಳಿಂದ ಅವನು ಆಡಿದ ಅತಿ ಉದ್ದದ ವಾಕ್ಯ ಅದು. ಒಂದೂ ತಪ್ಪಿರಲಿಲ್ಲ.

ನವೆಂಬರ್ ೫

ಎದೆಯಲ್ಲಿ ಕಫ ಕಟ್ಟಿದೆ. ಜ್ವರ. ಆಸ್ಪತ್ರೆಗೆ ಬೇಡ, ಮನೆಯಲ್ಲೇ ಇರಲಿ ಎಂದು ವೈದ್ಯರೇ ಹೇಳಿದರು. ಅದರ ಅರ್ಥವನ್ನು ಯಾವ ನಿಘಂಟಿನಲ್ಲೂ ಹುಡುಕಬೇಕಾಗಿಲ್ಲ. ಲ್ಯಾಬಿಗೆ ರಜೆ ಹೇಳಿದೆ. ಅವಳು ಟಿಕೆಟ್ಟನ್ನು ಮುಂಚಿನ ದಿನಕ್ಕೆ ಬದಲಿಸಲು ಒದ್ದಾಡುತ್ತಿದ್ದಾಳೆ. ಮುಂದಿನ ವಾರಕ್ಕೆ ಸಿಕ್ಕೀತು ಎಂದಳು.

ನವೆಂಬರ್ ೮, ಶನಿವಾರ

ಅಣ್ಣ ಹೋದ.

ಮಧ್ಯಾಹ್ನ ಚಮಚದಲ್ಲಿ ನೀರು ಕೊಡುತ್ತಿದ್ದೆ. ಮೂರನೇ ಚಮಚಕ್ಕೆ "ತಕ್, ದೇ ರೆಕ್ಕೆರ್" ಎಂದ. ಥ್ಯಾಂಕ್ಸ್, ಸಾಕು. ಸರಿ, ಆಮೇಲೆ ಕುಡಿ ಎಂದು ಲೋಟ ಕೆಳಗಿಟ್ಟೆ. ತಿರುಗಿ ನೋಡುವಷ್ಟರಲ್ಲಿ ಮುಗಿದಿತ್ತು.

ಕೊನೆಗಾದರೂ ಮನೆಮಾತು ಬರುತ್ತದೆ ಎಂದು ಕಾದಿದ್ದೆ. ಬರಲಿಲ್ಲ.

ನವೆಂಬರ್ ೯, ಭಾನುವಾರ

ನಿನ್ನೆ ನಾನು ಅವಳಿಗೆ ಕರೆ ಮಾಡಬೇಕಾಗಿತ್ತು. ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಜನ ಬಂದರು, ಹೋದರು. ಮಾಡಬೇಕಾದದ್ದೆಲ್ಲವನ್ನೂ ಯಜಮಾನರೇ ನಿಂತು ಮಾಡಿಸಿದರು. ಮಾತಿನ ಡಾಕ್ಟರು, ನಾನೇ ಇಂಗ್ಲಿಷಿನಲ್ಲಿ ಹೇಳಲೇ ಎಂದು ಕೇಳಿದಳು. ಬೇಡ ಎಂದೆ. ಯಾಕೆ ಬೇಡ ಎಂದೆನೋ.

ಇವತ್ತು ಬೆಳಿಗ್ಗೆ ಎಂದಿನಂತೆ ಅವಳ ಕರೆಯೇ ಬಂತು. ನಮ್ಮಲ್ಲಾದರೆ ಸಾವನ್ನು ಸುತ್ತಿ ಹೇಳಲು ಎಷ್ಟು ದಾರಿ. ತೀರಿಕೊಂಡ, ಹೋಗಿಬಿಟ್ಟ, ಇನ್ನಿಲ್ಲ. ನನಗೆ ಬರುತ್ತಿದ್ದುದು ಒಂದೇ ಮಾತು, ಫೋನಿನ ಬ್ಯಾಟರಿಗೂ ಅದನ್ನೇ ಬಳಸುತ್ತಾರೆ. ಹಾನ್ ಎ ದೋದ್. ಸತ್ತಿದ್ದಾನೆ. ಕಪಾಳಕ್ಕೆ ಹೊಡೆದ ಹಾಗಿತ್ತು, ಹೊಡೆದವಳು ನಾನು. ಪರದೆಯಲ್ಲಿ ಅವಳ ಮುಖ ಸುಮ್ಮನೆ ಇತ್ತು. ಚಿತ್ರ ನಿಂತುಹೋಗಿದೆಯೇನೋ ಅಂದುಕೊಂಡೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಯಾವ ದಿನ ಜ್ವರ ಬಂತು, ಏನು ಕೊಟ್ಟೆವು, ನೋವಿತ್ತೋ ಇಲ್ಲವೋ. ಚಮಚದ ನೀರು, ಅವನಾಡಿದ ಮಾತು. ನೀನು ಬರುತ್ತೀಯೆಂದು ಅವನಿಗೆ ಗೊತ್ತಿತ್ತು, ನೀನು ಬರಲಿಲ್ಲವೆಂದು ಅವನು ಅಂದುಕೊಳ್ಳಲಿಲ್ಲ ಎಂದೂ ಹೇಳಿದೆ. ಎಷ್ಟು ಹೊತ್ತು ಮಾತಾಡಿದೆನೋ. ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಇಷ್ಟೊಂದು ನಿನಗೆ ಯಾವಾಗ ಬಂತು ಎಂದು ಆಮೇಲೆ ಕೇಳಿದರು.

ನಡುವೆ ಒಂದು ಸಲ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಆಗ ಅವಳು ಕೇಳಿದಳು: "ಗ್ರೋತೆರ್ ದು, ಫಸ್ತೆರ್?" ಅಳುತ್ತಿದ್ದೀಯಾ ಎನ್ನುವುದು ತಿಳಿಯಿತು. ಕೊನೆಯದನ್ನು ನಾನು ಫಾಸ್ಟ್ ಎಂದುಕೊಂಡೆ, ಬೇಗ ಬೇಗ ಹೇಳು ಎನ್ನುತ್ತಿದ್ದಾಳೆ ಎಂದುಕೊಂಡೆ. ಕ್ಷಮಿಸು, ನಾನು ನಿಧಾನವಾಗಿಯೇ ಮಾತಾಡುವುದು ಎಂದೆ. ಅಳುತ್ತಿದ್ದವಳಿಗೆ ನಗು ಬಂತು. ನಗುತ್ತ ಮತ್ತೆ ಅತ್ತಳು. ಮೂಗು ಒರೆಸಿಕೊಂಡು, ಚಿಕ್ಕ ಮಕ್ಕಳಿಗೆ ಬಿಡಿಸಿ ಹೇಳುವ ಹಾಗೆ ಹೇಳಿದಳು. ನೀನು ಅಪ್ಪನ ತಂಗಿ. ಅಪ್ಪನ ತಂಗಿ ಎಂದರೆ ಫಸ್ತೆರ್.

ಸೋದರತ್ತೆ. ಇವರಲ್ಲೂ ಅದಕ್ಕೊಂದು ಮಾತಿದೆ. ಯಾರೂ ನನಗೆ ಕಲಿಸಿರಲಿಲ್ಲ.

ನವೆಂಬರ್ ೧೮, ಮಂಗಳವಾರ

ಇನ್ನೂ ಪಾಠ ಬೇಕೇ ಎಂದು ಟೀಚರಮ್ಮ ಮೆಲ್ಲಗೆ ಕೇಳಿದಳು. ಬೇಕು ಎಂದೆ. ಸಾವಿಗೆ ಬಳಸುವ ಮೆತ್ತನೆಯ ಮಾತನ್ನು ಇವತ್ತು ಹೇಳಿಕೊಟ್ಟಳು. ಗೊತ್ ಬೊರ್ತ್, ದೂರ ನಡೆದುಹೋದ. ಅವರಿಗೂ ದಾರಿಗಳಿವೆ. ಎರಡು ವಾರ ಮುಂಚೆ ಕಲಿಸಬಾರದಿತ್ತೇ ಎಂದುಕೊಂಡೆ, ಅನ್ನಲಿಲ್ಲ.

ನವೆಂಬರ್ ೨೧, ಶುಕ್ರವಾರ

ಅಪ್ಪನಿಲ್ಲದಿದ್ದರೂ ಅವಳು ಬರುತ್ತಿದ್ದಾಳೆ. ನಾಳೆ ವಿಮಾನ ಹತ್ತುತ್ತಾಳೆ. ಊರುಗೋಲು ಇದೆ, ನಿಮಗೆ ತೊಂದರೆ, ಹೋಟೆಲಿನಲ್ಲಿ ಇಳಿಯುತ್ತೇನೆ ಎಂದಳು. ನನಗೆ ಸಿಟ್ಟು ಬಂತು. "ದು ಬೂರ್ ಹೂಸ್ ಒಸ್," ಎಂದೆ. ನಮ್ಮ ಮನೆಯಲ್ಲಿ ಇರುತ್ತೀಯ. ದನಿ ನನಗೇ ಜೋರೆನಿಸಿತು. ಆಗಲಿ ಅತ್ತೆ ಎಂದಳು.

ಸಂಜೆ ಯಜಮಾನರನ್ನು ಕರೆದುಕೊಂಡು ಕೋಣೆ ಗುಡಿಸಿದೆ. ಔಷಧಿ ಬಾಟಲಿಗಳು, ಗಡ್ಡ ಹೆರೆಯುವ ಬಟ್ಟಲು, ರಬ್ಬರ್ ಶೀಟು ಎಲ್ಲ ಹೊರಗೆ ಹೋದವು. ಹಾಸಿಗೆಯ ಮೇಲೆ ಹೊಸ ಹೊದಿಕೆ ಹಾಸುವಾಗ ಒಂದು ಮಗ್ಗುಲಿಗೆ ತಗ್ಗು ಬಿದ್ದಿದ್ದು ಕಂಡಿತು. ಅಣ್ಣ ಸದಾ ಆ ಕಡೆಗೇ ಒರಗಿ ಮಲಗುತ್ತಿದ್ದ.

"ಮಗುಚಿ ಹಾಕೋಣ್ವಾ? ಆ ಕಡೆ ಸಮ ಇದೆ," ಎಂದರು ಯಜಮಾನರು. ಆಗಲೇ ಒಂದು ತುದಿ ಎತ್ತಿದ್ದರು.

"ಬೇಡ ಇಳಿಸಿ," ಎಂದೆ. "ಅದು ಅವಳಪ್ಪನ ಜಾಗ. ಅವಳು ಅಲ್ಲೇ ಮಲಗ್ಲಿ."